ನೋಡಿದರೆ ಸಾಕೇ?

ಹನ್ನೆರಡನೆಯ ಶತಮಾನದ ಗಣಿತಜ್ಞ ಭಾಸ್ಕರಾಚಾರ್ಯರನ್ನು ಕುರಿತು ಒಂದು ಕಥೆ ದೇಶವಿದೇಶಗಳ ಗಣಿತ ಪುಸ್ತಕಗಳಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ. ಲಂಬಕೋನ ತ್ರಿಭುಜದ ವಿಕರ್ಣದ ಮೇಲಿನ ಚೌಕವು ಉಳಿದೆರಡು ಬಾಹುಗಳ ಮೇಲಿನ ಚೌಕಗಳ ಮೊತ್ತಕ್ಕೆ ಸಮ ಎಂಬ ಪ್ರಮೇಯವನ್ನು ನಾವೆಲ್ಲ ಪೈಥಾಗೊರಸನ ಹೆಸರಿನಲ್ಲಿ ಶಾಲೆಯಲ್ಲಿ ಕಲಿತಿದ್ದೇವೆ. ಭಾಸ್ಕರರು ಇದಕ್ಕೆ ಒಂದು ಚಿತ್ರವನ್ನು ಬರೆದು, ಅದರ ಪಕ್ಕದಲ್ಲಿ ‘ನೋಡು’ ಎಂಬ ಒಂದೇ ಒಂದು ಮಾತನ್ನು ಹೇಳಿ ಸುಮ್ಮನಾದರಂತೆ. ಬೇರೆ ರುಜುವಾತು ಬೇಕಿಲ್ಲ, ಕಣ್ಣಿದ್ದವನಿಗೆ ಚಿತ್ರವೇ ಸಾಕು ಎಂಬುದು ಕಥೆಯ ತಾತ್ಪರ್ಯ.

ಕಥೆ ಸೊಗಸಾಗಿದೆ. ಆದರೆ ಭಾಸ್ಕರರ ‘ಬೀಜಗಣಿತ’ವನ್ನು ತೆರೆದರೆ ಅಲ್ಲಿ ಸಿಗುವ ಗುರು ಇಷ್ಟು ಮಿತಭಾಷಿಯಲ್ಲ. 1114ರಲ್ಲಿ ಜನಿಸಿದ ಅವರು ತಮ್ಮ ಊರನ್ನು ಸಹ್ಯಾದ್ರಿ ಸೀಮೆಯ ವಿಜ್ಜಡವಿಡವೆಂದು ಹೇಳಿಕೊಂಡಿದ್ದಾರೆ. ಅದು ನಮ್ಮ ವಿಜಯಪುರವೇ ಎಂದು ಕೆಲವರು, ಮಹಾರಾಷ್ಟ್ರದ ಯಾವುದೋ ಊರೆಂದು ಇನ್ನು ಕೆಲವರು ವಾದಿಸುತ್ತಾರೆ; ಆ ವಾದ ಇಲ್ಲಿ ಬೇಡ. ಅವರು ಶಿಷ್ಯನ ಮುಂದಿಡುವುದು 15 ಮತ್ತು 20 ಅಳತೆಯ ಎರಡು ಬಾಹುಗಳುಳ್ಳ ಲಂಬಕೋನ ತ್ರಿಭುಜವನ್ನು. ವಿಕರ್ಣವೆಷ್ಟು ಎಂದಷ್ಟೇ ಅವರು ಕೇಳುವುದಿಲ್ಲ. ಎಲ್ಲರಿಗೂ ರೂಢಿಯಾಗಿರುವ ಈ ಲೆಕ್ಕಕ್ಕೆ ಉಪಪತ್ತಿಯನ್ನೂ, ಅಂದರೆ ಕಾರಣಸಹಿತವಾದ ರುಜುವಾತನ್ನೂ ಕೊಡು ಎನ್ನುತ್ತಾರೆ. ಅಂತಹ ನಾಲ್ಕು ತ್ರಿಭುಜಗಳನ್ನು ವಿಕರ್ಣಗಳು ಹೊರಗೆ ಬರುವಂತೆ ಸುತ್ತಲೂ ಜೋಡಿಸಿದರೆ ಒಂದು ದೊಡ್ಡ ಚೌಕವಾಗುತ್ತದೆ, ನಡುವೆ ಒಂದು ಸಣ್ಣ ಚೌಕ ಖಾಲಿ ಉಳಿಯುತ್ತದೆ. ಒಂದೊಂದು ತ್ರಿಭುಜದ ವಿಸ್ತೀರ್ಣ 150, ನಾಲ್ಕು ಸೇರಿ 600. ನಡುವಿನ ಚೌಕದ ಬಾಹು 20ರಲ್ಲಿ 15 ಕಳೆದ 5, ಅದರ ವಿಸ್ತೀರ್ಣ 25. ಒಟ್ಟು 625. ಆದುದರಿಂದ ದೊಡ್ಡ ಚೌಕದ ಬಾಹು, ಅಂದರೆ ವಿಕರ್ಣ, 25. ರಟ್ಟಿನಲ್ಲಿ ನಾಲ್ಕು ತ್ರಿಭುಜಗಳನ್ನು ಕತ್ತರಿಸಿಕೊಂಡರೆ ಮನೆಯ ಊಟದ ಮೇಜಿನ ಮೇಲೆಯೇ ಮಕ್ಕಳು ಇದನ್ನು ಜೋಡಿಸಿ ನೋಡಬಹುದು.

ಅದೇ ಗ್ರಂಥದ ಇನ್ನೊಂದೆಡೆ ಭಾಸ್ಕರರು ಹೇಳುವ ಮಾತು ನನಗೆ ಆ ‘ನೋಡು’ ಕಥೆಗಿಂತ ದೊಡ್ಡದಾಗಿ ಕಾಣುತ್ತದೆ. ಉಪಪತ್ತಿಯು ಎರಡು ಬಗೆ, ಒಂದು ಚಿತ್ರದ ಮೂಲಕ, ಇನ್ನೊಂದು ರಾಶಿಗಳ, ಅಂದರೆ ಅಂಕಿಗಳ ಮೂಲಕ. ಚಿತ್ರದಿಂದ ತಿಳಿದುಕೊಳ್ಳಲಾಗದವರಿಗೆ ಎರಡನೆಯದನ್ನು ತೋರಿಸಬೇಕು ಎಂದು ಅವರು ಬರೆಯುತ್ತಾರೆ. ಎಲ್ಲರಿಗೂ ಚಿತ್ರವೇ ಸುಲಭವೆಂದು ನಾವು ಇಂದು ನಂಬಿದ್ದೇವೆ. ಎಂಟುನೂರು ವರ್ಷಗಳ ಹಿಂದಿನ ಆ ಅನುಭವಿ ಉಪಾಧ್ಯಾಯರು ಹಾಗೆ ನಂಬಿರಲಿಲ್ಲ. ಕಣ್ಣಿಗೆ ಕಾಣುವುದು ಬೇರೆ, ತಿಳಿವಿಗೆ ಕಾಣುವುದು ಬೇರೆ ಎಂಬುದು ಅವರಿಗೆ ಗೊತ್ತಿತ್ತು.

ಈ ಎರಡು ಕಾಣುವಿಕೆಗಳ ನಡುವಿನ ಅಂತರವನ್ನು ಮೊದಲು ನಾಟಕದಂತೆ ಕಟ್ಟಿಕೊಟ್ಟವನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ತತ್ವಜ್ಞಾನಿ ಪ್ಲೇಟೊ. ಅವನ ‘ಮೆನೊ’ ಎಂಬ ಸಂವಾದದಲ್ಲಿ ಸಾಕ್ರಟೀಸ್ ಮೆನೊನ ಮನೆಯ ಒಬ್ಬ ಗುಲಾಮ ಹುಡುಗನನ್ನು ಕರೆಯಿಸುತ್ತಾನೆ. ಹುಡುಗನಿಗೆ ರೇಖಾಗಣಿತವನ್ನು ಯಾರೂ ಕಲಿಸಿಲ್ಲ. ಸಾಕ್ರಟೀಸ್ ಎರಡಡಿ ಬಾಹುವಿನ ಒಂದು ಚೌಕವನ್ನು ಬರೆಯುತ್ತಾನೆ. ಅದರ ವಿಸ್ತೀರ್ಣ ನಾಲ್ಕು ಚದರಡಿ. ಇದರ ಎರಡರಷ್ಟು ವಿಸ್ತೀರ್ಣವುಳ್ಳ ಚೌಕ ಬೇಕಾದರೆ ಬಾಹು ಎಷ್ಟಿರಬೇಕು ಎಂಬುದು ಪ್ರಶ್ನೆ. ಬಾಹುವನ್ನೂ ಎರಡರಷ್ಟು ಮಾಡಿದರಾಯಿತು ಎಂದು ಹುಡುಗ ಧೈರ್ಯವಾಗಿ ಹೇಳುತ್ತಾನೆ. ಬರೆದು ನೋಡಿದರೆ ವಿಸ್ತೀರ್ಣ ಹದಿನಾರಾಗುತ್ತದೆ, ಬೇಕಾದುದು ಎಂಟು. ಹಾಗಾದರೆ ಮೂರಡಿ ಎನ್ನುತ್ತಾನೆ. ಒಂಬತ್ತಾಗುತ್ತದೆ. ಈಗ ಹುಡುಗ ತನಗೆ ಗೊತ್ತಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಸಾಕ್ರಟೀಸ್ ಅಲ್ಲಿ ನಿಂತು ಮೆನೊನ ಕಡೆಗೆ ತಿರುಗಿ, ಈ ಗೊಂದಲದಿಂದ ಹುಡುಗನಿಗೆ ಕೆಡುಕಾಯಿತೇ ಎಂದು ಕೇಳುತ್ತಾನೆ. ಇಲ್ಲ, ಈಗಲೇ ಅವನು ಹುಡುಕಲು ಸಿದ್ಧನಾಗಿದ್ದಾನೆ ಎಂಬುದು ಸಾಕ್ರಟೀಸನ ಅಭಿಪ್ರಾಯ. ಆಮೇಲೆ ನಾಲ್ಕು ಚೌಕಗಳನ್ನು ಒತ್ತಾಗಿ ಬರೆದು, ಪ್ರತಿಯೊಂದರಲ್ಲೂ ಮೂಲೆಯಿಂದ ಮೂಲೆಗೆ ಕರ್ಣವನ್ನು ಎಳೆಯುತ್ತಾನೆ. ಒಳಗೆ ಓರೆಯಾಗಿ ನಿಂತ ಒಂದು ಹೊಸ ಚೌಕ ಮೂಡುತ್ತದೆ. ಪ್ರತಿ ಕರ್ಣವೂ ತನ್ನ ಚೌಕವನ್ನು ಸರಿಯಾಗಿ ಅರ್ಧ ಮಾಡುವುದರಿಂದ, ಒಳಗಿನ ಚೌಕದಲ್ಲಿರುವುದು ನಾಲ್ಕು ಅರ್ಧಗಳು, ಅಂದರೆ ಎಂಟು ಚದರಡಿ. ಇದನ್ನು ಹೇಳಿದವನು ಹುಡುಗನೇ.

ಸಮಾಜ ಯಾವ ಗೌರವವನ್ನೂ ಕೊಡದಿದ್ದ ಹುಡುಗನೊಬ್ಬನ ತಿಳಿವಿಗೆ ಅಂದಿನ ಅಥೆನ್ಸಿನ ದೊಡ್ಡ ಮನೆಗಳ ಜನರ ತಿಳಿವಿಗಿಂತ ಏನೂ ಕಡಿಮೆಯಿಲ್ಲ ಎಂಬುದನ್ನು ಈ ಪುಟಗಳು ತೋರಿಸಿಬಿಡುತ್ತವೆ. ಪ್ಲೇಟೊ ಅದನ್ನೇ ಹೇಳಹೊರಟಿದ್ದನೋ ಇಲ್ಲವೋ, ಅದು ಬೇರೆ ಮಾತು. ಅವನು ಇದರಿಂದ ಎಳೆದ ತೀರ್ಮಾನ ಮಾತ್ರ ವಿಚಿತ್ರವಾದುದು: ಆತ್ಮವು ಹುಟ್ಟುವ ಮೊದಲೇ ಎಲ್ಲವನ್ನೂ ಕಂಡಿತ್ತು, ಕಲಿಕೆಯೆಂದರೆ ಆ ಮರೆತುದರ ನೆನಪು. ಸಂತ ಆಗಸ್ತೀನರು ತ್ರಿತ್ವವನ್ನು ಕುರಿತ ತಮ್ಮ ಮಹಾಗ್ರಂಥದ ಹನ್ನೆರಡನೆಯ ಭಾಗದಲ್ಲಿ ಇದೇ ಹುಡುಗನ ಪ್ರಸಂಗವನ್ನು ಎತ್ತಿಕೊಂಡು ಪ್ಲೇಟೊವಿನ ತೀರ್ಮಾನವನ್ನು ತಳ್ಳಿಹಾಕಿದರು. ಎಲ್ಲರೂ ಹಿಂದಿನ ಜನ್ಮದಲ್ಲಿ ರೇಖಾಗಣಿತಜ್ಞರಾಗಿದ್ದರೇನು ಎಂಬ ಅವರ ಆಕ್ಷೇಪದಲ್ಲಿ ಸಣ್ಣ ನಗುವೂ ಇದೆ. ದೇಹದ ಕಣ್ಣು ಹೊರಗಿನ ಬೆಳಕಿನಲ್ಲಿ ಸುತ್ತಲಿನ ವಸ್ತುಗಳನ್ನು ಕಾಣುವಂತೆ, ಮನಸ್ಸು ತನಗೆ ತಕ್ಕ ಇನ್ನೊಂದು ಬೆಳಕಿನಲ್ಲಿ ಇಂತಹ ಸತ್ಯಗಳನ್ನು ಕಾಣುತ್ತದೆ ಎಂಬುದು ಅವರ ಉತ್ತರ. ಈ ‘ಕಾಣು’ ಎಂಬ ಮಾತು ಎರಡು ಕಡೆಯೂ ಒಂದೇ ಆಗಿರುವುದರಿಂದಲೇ ನಮಗೆ ಗೊಂದಲ.

ಪ್ಲೇಟೊವಿನ ಅನಂತರ, ಸುಮಾರು ಕ್ರಿಸ್ತಪೂರ್ವ 300ರಲ್ಲಿ, ಯೂಕ್ಲಿಡ್ ತನ್ನ ‘ಮೂಲತತ್ವಗಳು’ ಎಂಬ ಹದಿಮೂರು ಭಾಗಗಳ ಗ್ರಂಥವನ್ನು ರಚಿಸಿದನು. ಅಲ್ಲಿಯೂ ಪುಟಪುಟಕ್ಕೆ ಚಿತ್ರಗಳಿವೆ. ಆದರೆ ಚಿತ್ರ ಅಲ್ಲಿ ಒಬ್ಬಂಟಿಯಲ್ಲ. ಪ್ರತಿ ಹೆಜ್ಜೆಗೂ ಹಿಂದಿನ ಯಾವುದೋ ಹೆಜ್ಜೆಯ ಆಧಾರವನ್ನು ಹೇಳಿ, ಅದಿಲ್ಲದೆ ಮುಂದೆ ಕಾಲಿಡಲು ಯೂಕ್ಲಿಡ್ ಬಿಡುವುದಿಲ್ಲ. ಈ ಗ್ರಂಥ ಪೂರ್ವ ದೇಶವೊಂದಕ್ಕೆ ಹೋದ ಬಗೆಯನ್ನು ನಮ್ಮ ಧರ್ಮಸಭೆಯ ಚರಿತ್ರೆಯನ್ನು ಬಲ್ಲವರು ನೆನೆಯಬೇಕು.

ಇಟಲಿಯ ಮಚೆರಾತಾ ನಗರದಲ್ಲಿ 1552ರಲ್ಲಿ ಜನಿಸಿದ ಮತ್ತೆಯೊ ರಿಚ್ಚಿಯವರು ಯೇಸುಸಭೆಯನ್ನು ಸೇರಿ, ರೋಮಿನಲ್ಲಿ ಕ್ರಿಸ್ತೋಫರ್ ಕ್ಲಾವಿಯುಸ್ ಎಂಬ ಗುರುಗಳ ಬಳಿ ಗಣಿತವನ್ನು ಕಲಿತರು. ನಾವು ಇಂದು ಗೋಡೆಗೆ ತೂಗುಹಾಕುವ ಕ್ಯಾಲೆಂಡರಿನ ಲೆಕ್ಕವನ್ನು 1582ರಲ್ಲಿ ಪೋಪ್ 13ನೆಯ ಗ್ರೆಗೊರಿಯವರಿಗಾಗಿ ಸರಿಪಡಿಸಿದವರಲ್ಲಿ ಈ ಕ್ಲಾವಿಯುಸ್ ಪ್ರಮುಖರು. 1574ರಲ್ಲಿ ಅವರು ಯೂಕ್ಲಿಡನ ಗ್ರಂಥವನ್ನು ಲತೀನ್ ಭಾಷೆಯಲ್ಲಿ ವಿಸ್ತಾರವಾದ ವಿವರಣೆಗಳೊಂದಿಗೆ ಪ್ರಕಟಿಸಿದ್ದರು. ರಿಚ್ಚಿಯವರು 1578ರಲ್ಲಿ ಗೋವೆಗೆ ಬಂದಿಳಿದು, 1580ರಲ್ಲಿ ಕೊಚ್ಚಿಯಲ್ಲಿ ಗುರುದೀಕ್ಷೆ ಪಡೆದು, 1582ರಲ್ಲಿ ಮಕಾವ್ ತಲುಪಿ, ಬಹಳ ವರ್ಷಗಳ ಪ್ರಯಾಸದ ಮೇಲೆ 1601ರಲ್ಲಿ ಬೀಜಿಂಗ್ ನಗರದಲ್ಲಿ ನೆಲೆಸಿದರು.

ಅಲ್ಲಿ ಅವರ ಸ್ನೇಹಿತರಾದವರು ಶು ಗುವಾಂಗ್‌ಚಿ. ಶಾಂಘೈಯಲ್ಲಿ 1562ರಲ್ಲಿ ಜನಿಸಿದ ಶು ಅವರು 1603ರಲ್ಲಿ ಪೌಲ್ ಎಂಬ ಹೆಸರಿನಲ್ಲಿ ಜ್ಞಾನಸ್ನಾನ ಪಡೆದರು. ಮರುವರ್ಷವೇ ಚೀನಾ ಸಾಮ್ರಾಜ್ಯದ ಅತ್ಯುನ್ನತ ಪರೀಕ್ಷೆಯಲ್ಲಿ ತೇರ್ಗಡೆಯಾದರು. ನೀರಾವರಿ, ಬೇಸಾಯ, ಪಂಚಾಂಗಗಳಲ್ಲಿ ಆಸಕ್ತಿಯಿದ್ದ ಅವರಿಗೆ ಗಣಿತವೆಂದರೆ ದೇಶಕ್ಕೆ ಬೇಕಾದ ವಿದ್ಯೆ. ರಿಚ್ಚಿಯವರು ಕ್ಲಾವಿಯುಸರ ಪುಸ್ತಕವನ್ನು ಮುಂದಿಟ್ಟುಕೊಂಡು ಬಾಯಲ್ಲಿ ಚೀನೀ ಭಾಷೆಯಲ್ಲಿ ವಿವರಿಸುವರು, ಶು ಅವರು ಕುಂಚ ಹಿಡಿದು ಬರೆಯುವರು. ಒಂದು ಮಾತು ಹೊಂದದಿದ್ದರೆ ಮತ್ತೆ ವಿವರಣೆ, ಮತ್ತೆ ಬರವಣಿಗೆ. ಇಡೀ ಕರಡನ್ನು ಮೂರು ಬಾರಿ ತಿದ್ದಿ ಬರೆದರೆಂದು ತಿಳಿದುಬರುತ್ತದೆ. ಮೊದಲ ಆರು ಭಾಗಗಳು 1607ರಲ್ಲಿ ಅಚ್ಚಾದವು. ಬಿಂದು, ರೇಖೆ, ತಲ ಮುಂತಾದವುಗಳಿಗೆ ಅವರು ಆರಿಸಿದ ಶಬ್ದಗಳನ್ನೇ ಇಂದಿಗೂ ಚೀನಾದ ಶಾಲಾಮಕ್ಕಳು ಓದುತ್ತಾರೆ.

ಚೀನಾದಲ್ಲಿ ಚಿತ್ರದ ಮೂಲಕ ರುಜುವಾತು ಕೊಡುವ ಪದ್ಧತಿ ಇರಲಿಲ್ಲವೆಂದು ಇದರ ಅರ್ಥವಲ್ಲ. ಕ್ರಿಸ್ತಶಕ 263ರಷ್ಟು ಹಿಂದೆಯೇ ಲಿಯು ಹುಯಿ ಎಂಬ ಗಣಿತಜ್ಞರು ಪೈಥಾಗೊರಸನ ಪ್ರಮೇಯವನ್ನೇ ಕೆಂಪು ಮತ್ತು ನೀಲಿ ಚೌಕಗಳ ತುಂಡುಗಳನ್ನು ಹೊರಗಿನಿಂದ ಒಳಕ್ಕೆ ಸರಿಸಿ ತೋರಿಸಿದ್ದರು. ಕಾಗದದ ಮೇಲಿನ ಅನಿಮೇಷನ್ ಎಂದೇ ಅದನ್ನು ಕರೆಯಬಹುದು. ದುರ್ದೈವದಿಂದ ಚಿತ್ರಗಳು ಕಳೆದುಹೋಗಿ, ಅವನ್ನು ವಿವರಿಸುವ ನಾಲ್ಕಾರು ಸಾಲುಗಳು ಮಾತ್ರ ಉಳಿದವು. ಯಾವ ತುಂಡು ಎಲ್ಲಿಗೆ ಹೋಗಬೇಕೆಂದು ವಿದ್ವಾಂಸರು ಇಂದಿಗೂ ಊಹಿಸುತ್ತಿದ್ದಾರೆ. ಭಾಸ್ಕರರ ಕಥೆಯಲ್ಲಿ ಮಾತು ಕಳೆದು ಚಿತ್ರ ಉಳಿಯಿತು, ಇಲ್ಲಿ ಚಿತ್ರ ಕಳೆದು ಮಾತು ಉಳಿಯಿತು. ಎರಡೂ ಅರ್ಧವೇ. ಯೂಕ್ಲಿಡನಲ್ಲಿ ಶು ಅವರನ್ನು ಸೆಳೆದದ್ದು ಈ ಎರಡನ್ನೂ ಬಿಗಿಯಾಗಿ ಹೆಣೆದ ಕ್ರಮ. ಉಳಿದ ಭಾಗಗಳನ್ನೂ ಮುಂದುವರಿಸೋಣವೆಂದು ಅವರು ಹಂಬಲಿಸಿದರು. ಈಗಿರುವುದು ಎಷ್ಟು ಜನರಿಗೆ ಉಪಯೋಗವಾಗುವುದೋ ನೋಡೋಣವೆಂದು ರಿಚ್ಚಿಯವರು ತಡೆದರು. 1610ರಲ್ಲಿ ರಿಚ್ಚಿಯವರು ಬೀಜಿಂಗಿನಲ್ಲಿಯೇ ತೀರಿಕೊಂಡರು. ಉಳಿದ ಭಾಗಗಳು ಚೀನೀ ಭಾಷೆಗೆ ಬಂದದ್ದು 250 ವರ್ಷಗಳ ಮೇಲೆ, 1857ರಲ್ಲಿ, ಅಲೆಕ್ಸಾಂಡರ್ ವೈಲಿ ಎಂಬ ಪ್ರೊಟೆಸ್ಟೆಂಟ್ ಧರ್ಮಪ್ರಚಾರಕರು ಮತ್ತು ಲಿ ಶಾನ್‌ಲಾನ್ ಎಂಬ ಗಣಿತಜ್ಞರು ಜೊತೆಗೂಡಿ ದುಡಿದಾಗ. ಮತ್ತೆ ಇಬ್ಬರು, ಮತ್ತೆ ಒಂದೇ ಮೇಜು. ರಿಚ್ಚಿಯವರನ್ನು ಪೋಪ್ ಫ್ರಾನ್ಸಿಸರು 2022ರ ಡಿಸೆಂಬರಿನಲ್ಲಿ ಪೂಜ್ಯರೆಂದು ಸಾರಿದರು.

ಯೂಕ್ಲಿಡನ ಅದೇ ಮೊದಲ ಆರು ಭಾಗಗಳನ್ನು 1847ರಲ್ಲಿ ಆಲಿವರ್ ಬರ್ನ್ ಎಂಬ ಐರಿಷ್ ಮೂಲದ ಮೋಜಣಿದಾರ ಲಂಡನ್ನಿನಲ್ಲಿ ಕೆಂಪು, ಹಳದಿ, ನೀಲಿ ಬಣ್ಣಗಳಲ್ಲಿ ಅಚ್ಚು ಹಾಕಿಸಿದನು. ‘ಅ ಆ ಕೋನ’ ಎಂದು ಬರೆಯುವ ಬದಲು ಆ ಕೋನವನ್ನೇ ಬಣ್ಣದಲ್ಲಿ ಸಾಲಿನ ನಡುವೆ ಮುದ್ರಿಸಿದ ಪುಸ್ತಕವದು. ಕಣ್ಣಿಗೆ ಹಬ್ಬ. ಆದರೆ ಅಷ್ಟರಲ್ಲಿ ವಿದ್ವಾಂಸರ ವಲಯದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸತೊಡಗಿತ್ತು. 1788ರಲ್ಲಿಯೇ ಲಗ್ರಾಂಜ್ ಎಂಬ ಮಹಾಗಣಿತಜ್ಞನು ಯಂತ್ರವಿಜ್ಞಾನದ ತನ್ನ ಗ್ರಂಥದಲ್ಲಿ ಒಂದೇ ಒಂದು ಚಿತ್ರವೂ ಇಲ್ಲವೆಂದು ಮುನ್ನುಡಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದನು.

ಚಿತ್ರದ ಮೇಲೆ ಇಷ್ಟೊಂದು ಅಪನಂಬಿಕೆ ಏಕೆ? ಒಂದು ಚೌಕುಳಿ ಕಾಗದ, ಒಂದು ಕತ್ತರಿ ಇದ್ದರೆ ಉತ್ತರ ಸಿಗುತ್ತದೆ. ಎಂಟು ಮನೆ ಉದ್ದ, ಎಂಟು ಮನೆ ಅಗಲದ ಚೌಕವನ್ನು ಕತ್ತರಿಸಿಕೊಳ್ಳಿ. ಅದನ್ನು ಮೂರು ಮನೆ ಅಗಲದ ಒಂದು ಪಟ್ಟಿ, ಐದು ಮನೆ ಅಗಲದ ಇನ್ನೊಂದು ಪಟ್ಟಿ ಎಂದು ಸೀಳಿ. ಮೊದಲ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ತ್ರಿಭುಜಗಳು. ಎರಡನೆಯದನ್ನು, ಉದ್ದದ ಒಂದು ಅಂಚಿನಲ್ಲಿ ಮೂರು ಮನೆ ಬಿಟ್ಟು, ಎದುರು ಅಂಚಿನಲ್ಲಿ ಅದೇ ತುದಿಯಿಂದ ಐದು ಮನೆ ಬಿಟ್ಟು ಓರೆಯಾಗಿ ಕತ್ತರಿಸಿದರೆ ಎರಡು ತ್ರಾಪಿಜ್ಯಗಳು. ಈ ನಾಲ್ಕು ತುಂಡುಗಳನ್ನು ಬೇರೆ ರೀತಿಯಲ್ಲಿ ಜೋಡಿಸಿದರೆ ಹದಿಮೂರು ಮನೆ ಉದ್ದ, ಐದು ಮನೆ ಅಗಲದ ಆಯತ ಸಿಗುತ್ತದೆ. ಮೊದಲಿದ್ದದ್ದು 64 ಮನೆ. ಈಗ ಇರುವುದು 65. ಒಂದು ಮನೆ ಎಲ್ಲಿಂದ ಬಂತು? ಕಣ್ಣಿಟ್ಟು ನೋಡಿದರೂ ತಿಳಿಯುವುದಿಲ್ಲ. ಲೆಕ್ಕ ಹಾಕಿದರೆ ತಿಳಿಯುತ್ತದೆ: ತ್ರಿಭುಜದ ಓರೆ ಎಂಟು ಮನೆಗೆ ಮೂರು ಮನೆ ಏರುತ್ತದೆ, ತ್ರಾಪಿಜ್ಯದ ಓರೆ ಐದು ಮನೆಗೆ ಎರಡು ಮನೆ ಏರುತ್ತದೆ. ಒಂದು 0.375, ಇನ್ನೊಂದು 0.4. ಆಯತದ ನಡುವೆ ಹಾದುಹೋಗುವ ಗೆರೆ ಒಂದೇ ಸರಳರೇಖೆಯಂತೆ ಕಂಡರೂ ಹಾಗಿಲ್ಲ. ಅಲ್ಲಿ ಕೂದಲೆಳೆಯಂತಹ ತೆಳುವಾದ ಒಂದು ಸಮಾಂತರ ಚತುರ್ಭುಜ ಖಾಲಿ ಉಳಿದಿದೆ. ಕಳ್ಳ ಮನೆ ಅಡಗಿರುವುದು ಅಲ್ಲಿಯೇ.

ಯೂಕ್ಲಿಡನಂತಹ ಯೂಕ್ಲಿಡನೇ ಚಿತ್ರದ ಮೇಲೆ ಅತಿಯಾಗಿ ಒರಗಿದ್ದನು. ಅವನ ಗ್ರಂಥದ ಮೊತ್ತಮೊದಲ ಪ್ರಮೇಯದಲ್ಲಿ ಸಮಬಾಹು ತ್ರಿಭುಜವನ್ನು ರಚಿಸಲು ಎರಡು ವೃತ್ತಗಳನ್ನು ಎಳೆದು, ಅವು ಕೂಡುವ ಬಿಂದುವನ್ನು ತೆಗೆದುಕೊಳ್ಳುತ್ತಾನೆ. ಅವು ಕೂಡಿಯೇ ಕೂಡುತ್ತವೆ ಎನ್ನುವುದಕ್ಕೆ ಅವನು ಮುಂದಿಟ್ಟಿರುವ ಸ್ವಯಂಸಿದ್ಧಗಳಲ್ಲಿ ಯಾವ ಆಧಾರವೂ ಇಲ್ಲ. ಚಿತ್ರದಲ್ಲಿ ಕೂಡುವುದು ಕಾಣುತ್ತದೆ, ಅಷ್ಟೇ. ಇಂತಹ ಸಂದುಗಳನ್ನೆಲ್ಲ ಮುಚ್ಚಿ, ಚಿತ್ರದ ಹಂಗಿಲ್ಲದೆ ರೇಖಾಗಣಿತವನ್ನು ಕಟ್ಟಿದವರು ಜರ್ಮನಿಯ ಡೇವಿಡ್ ಹಿಲ್ಬರ್ಟ್, 1899ರಲ್ಲಿ. ಸ್ವಾರಸ್ಯದ ಸಂಗತಿಯೆಂದರೆ, ಅದೇ ಹಿಲ್ಬರ್ಟರು 1932ರಲ್ಲಿ ಇನ್ನೊಬ್ಬರ ಜೊತೆಗೂಡಿ ಪ್ರಕಟಿಸಿದ ಒಂದು ಪುಸ್ತಕದ ತುಂಬ ಚಿತ್ರಗಳೇ! ರೇಖಾಗಣಿತವನ್ನು ಕಣ್ಣಾರೆ ಕಂಡಂತೆ ತಿಳಿಸುವುದೇ ಅದರ ಉದ್ದೇಶ. ಅವರ ಮಟ್ಟಿಗೆ ಇದರಲ್ಲಿ ವಿರೋಧವೇನೂ ಇರಲಿಲ್ಲ.

ಈಗ ಚಿತ್ರ ಚಲಿಸುತ್ತದೆ. ಆಸ್ಟ್ರಿಯ ದೇಶದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬವರು 2001ರಲ್ಲಿ ಆರಂಭಿಸಿದ ಜಿಯೋಜೀಬ್ರಾ ಎಂಬ ತಂತ್ರಾಂಶದಲ್ಲಿ ತ್ರಿಭುಜದ ಒಂದು ಮೂಲೆಯನ್ನು ಬೆರಳಿನಿಂದ ಎಳೆದರೆ ಇಡೀ ಚಿತ್ರ ಬದಲಾಗುತ್ತದೆ, ಕೋನಗಳ ಮೊತ್ತ ಮಾತ್ರ 180 ಡಿಗ್ರಿಯಲ್ಲಿಯೇ ನಿಲ್ಲುತ್ತದೆ. ನಮ್ಮ ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲಿ ಪೈಥಾಗೊರಸನ ಚೌಕಗಳು ಅರ್ಧ ನಿಮಿಷದಲ್ಲಿ ತುಂಡಾಗಿ, ಜಾರಿ, ಕೂಡಿಕೊಳ್ಳುತ್ತವೆ. ಇದು ದೊಡ್ಡ ಉಪಕಾರವೇ. ನಮ್ಮ ಕಾಲಕ್ಕೆ ಸೀಮೆಸುಣ್ಣವೂ ಕರಿಹಲಗೆಯೂ ಮಾತ್ರ ಇದ್ದವು. ಆದರೆ 64 ಮನೆ 65 ಆಗುವುದನ್ನೂ ಅನಿಮೇಷನ್ ಅಷ್ಟೇ ನಯವಾಗಿ ತೋರಿಸಬಲ್ಲದು. ಸಾಕ್ರಟೀಸ್ ಹುಡುಗನಿಗಾಗಿ ಕಾದನು. ಚಲಿಸುವ ಚಿತ್ರ ಕಾಯುವುದಿಲ್ಲ. ಕೊನೆಯ ತುಂಡು ಜಾಗಕ್ಕೆ ಬಂದು ಕೂತಾಗ ಮಗು ‘ಆಯ್ತು, ತಿಳೀತು’ ಎಂದರೆ, ಅದನ್ನು ಅಲ್ಲಿಯೇ ನಿಲ್ಲಿಸಿ, ಈ ಎರಡು ಅಂಚುಗಳು ಸರಿಯಾಗಿ ಹೊಂದಿದ್ದು ಏಕೆ ಎಂದು ಕೇಳಲು ಪಕ್ಕದಲ್ಲಿ ಒಬ್ಬರು ಬೇಕು. ತಂದೆತಾಯಿಗಳಿಗೆ ಗಣಿತ ಬಾರದಿದ್ದರೂ ಈ ಪ್ರಶ್ನೆಯನ್ನು ಕೇಳಬಹುದು.

ಚಿತ್ರವಿಲ್ಲದೆ ಹುಟ್ಟಿ, ಅನಂತರ ಚಿತ್ರವನ್ನು ಬೇಡಿದ ರುಜುವಾತೂ ಒಂದಿದೆ. ತನ್ನನ್ನು ತಾನೇ ಹಾದುಹೋಗಬಲ್ಲ, ಆದರೆ ಹರಿಯಬಾರದ, ಎಲ್ಲಿಯೂ ಚೂಪಾಗಿ ಮಡಿಯಬಾರದ ಒಂದು ಗೋಳವನ್ನು ಊಹಿಸಿಕೊಳ್ಳಿ. ಅದರ ಒಳಮೈಯನ್ನು ಹೊರಕ್ಕೆ ತಿರುವಬಹುದೇ? ಕಾಗದದ ಮೇಲಿನ ವೃತ್ತವನ್ನು ಈ ನಿಯಮಗಳಿಗೆ ಒಳಪಟ್ಟು ಹಾಗೆ ತಿರುವಲು ಸಾಧ್ಯವೇ ಇಲ್ಲ. ಗೋಳವನ್ನು ತಿರುವಬಹುದೆಂದು ಅಮೆರಿಕದ ತರುಣ ಗಣಿತಜ್ಞ ಸ್ಟೀಫನ್ ಸ್ಮೇಲ್ 1950ರ ದಶಕದ ಕೊನೆಯಲ್ಲಿ ಸಾಧಿಸಿದರು. ಅವರ ಗುರುಗಳೇ ಇದು ತಪ್ಪಿರಬೇಕು ಎಂದರು, ತಪ್ಪಿರಲಿಲ್ಲ. ಆದರೆ ಗೋಳ ಹಾಗೆ ತಿರುಗುವಾಗ ನಡುವೆ ಯಾವ ಯಾವ ಆಕಾರ ತಾಳುತ್ತದೆ ಎಂಬುದನ್ನು ಆ ರುಜುವಾತು ತೋರಿಸುತ್ತಿರಲಿಲ್ಲ. ಸತ್ಯವೆಂದು ಒಪ್ಪಲೇಬೇಕು, ಕಲ್ಪಿಸಿಕೊಳ್ಳಲು ಮಾತ್ರ ಆಗದು.

ಅದನ್ನು ಕಲ್ಪಿಸಿಕೊಂಡವರಲ್ಲಿ ಮುಖ್ಯರಾದವರು ಬೆರ್ನಾರ್ ಮೊರೆನ್. ಪೌಲ್ ಶು ಅವರು ಹುಟ್ಟಿದ ಅದೇ ಶಾಂಘೈಯಲ್ಲಿ 1931ರಲ್ಲಿ ಜನಿಸಿದ ಈ ಫ್ರೆಂಚ್ ಗಣಿತಜ್ಞರು ಗ್ಲಾಕೋಮಾ ರೋಗದಿಂದ ಆರು ವರ್ಷದೊಳಗೆ ಎರಡೂ ಕಣ್ಣುಗಳ ದೃಷ್ಟಿಯನ್ನು ಕಳೆದುಕೊಂಡಿದ್ದರು. ಅವರಿಗಿಂತ ಹಿಂದೆಯೂ ಫ್ರಾನ್ಸಿನಲ್ಲಿ ಲೂಯಿ ಅಂತ್ವಾನ್ ಎಂಬ ಗಣಿತಜ್ಞರು ಮೊದಲ ಮಹಾಯುದ್ಧದಲ್ಲಿ ಕುರುಡರಾಗಿ, ಆಕಾರಗಳನ್ನು ಕುರಿತ ಗಣಿತದಲ್ಲಿಯೇ ಹೆಸರು ಮಾಡಿದ್ದರು. ಮೊರೆನ್ ಅವರು ಗೋಳ ತಿರುಗುವ ಹಂತಗಳನ್ನು ಮನಸ್ಸಿನಲ್ಲಿ ಒಂದೊಂದಾಗಿ ಕಟ್ಟಿ, ಜೇಡಿಮಣ್ಣಿನಲ್ಲಿ ಅವುಗಳ ಮಾದರಿಗಳನ್ನು ಮಾಡಿದರು. ನಮ್ಮ ಕನ್ನಡದಲ್ಲಿ ಮುಟ್ಟಿ ನೋಡುತ್ತೇವೆ, ರುಚಿ ನೋಡುತ್ತೇವೆ, ಕೇಳಿ ನೋಡುತ್ತೇವೆ, ಯೋಚಿಸಿಯೂ ನೋಡುತ್ತೇವೆ. ಸಂತ ತೋಮರು ಬೆರಳಿಟ್ಟು ನೋಡಬೇಕೆಂದರು. ಮೊರೆನ್ ಅವರ ವಿಷಯದಲ್ಲಿ ಈ ನುಡಿ ಅಕ್ಷರಶಃ ಸರಿ.

ಚಾರ್ಲ್ಸ್ ಪ್ಯೂ ಎಂಬವರು ಈ ಹಂತಗಳನ್ನು ಕೋಳಿಗೂಡಿಗೆ ಬಳಸುವಂತಹ ತಂತಿಬಲೆಯಲ್ಲಿ ಮಾಡಿ, ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ತೂಗುಹಾಕಿದರು. ಮುಂದೆ ಅವು ಕಳುವಾದವು. ಅದೃಷ್ಟವಶಾತ್ ಅದಕ್ಕೆ ಮೊದಲೇ ನೆಲ್ಸನ್ ಮ್ಯಾಕ್ಸ್ ಎಂಬವರು ಆ ಬಲೆಗಳ ಅಳತೆಗಳನ್ನು ಒಂದೊಂದಾಗಿ ತೆಗೆದು ಕಂಪ್ಯೂಟರಿಗೆ ಊಡಿಸಿದ್ದರು. 1976ರಲ್ಲಿ ಸಿದ್ಧವಾದ ಅವರ ಅನಿಮೇಷನ್ ಚಿತ್ರದಲ್ಲಿ ಗೋಳವು ಹರಿಯದೆ, ಮುರಿಯದೆ, ನಿಧಾನವಾಗಿ ಒಳಹೊರಗಾಗುವುದನ್ನು ಕಣ್ಣುಳ್ಳವರು ಕಂಡರು. 1994ರಲ್ಲಿ ಮಿನೆಸೋಟದ ಜ್ಯಾಮಿತಿ ಕೇಂದ್ರವು ವಿಲಿಯಂ ಥರ್ಸ್ಟನ್ ಅವರ ಬೇರೊಂದು ವಿಧಾನವನ್ನು ಆಧರಿಸಿ ಇನ್ನೊಂದು ಚಿತ್ರವನ್ನು ತಯಾರಿಸಿತು; ಅದರಲ್ಲಿ ಇಬ್ಬರ ನಡುವಿನ ಪ್ರಶ್ನೋತ್ತರದ ಮೂಲಕವೇ ವಿಷಯ ಸಾಗುತ್ತದೆ. ಮೊರೆನ್ ಅವರು ಸ್ತ್ರಾಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, 2018ರಲ್ಲಿ ತೀರಿಕೊಂಡರು. ತಮ್ಮ ಗೋಳ ತಿರುಗುವ ಆ ಚಲನಚಿತ್ರವನ್ನು ಅವರು ಕಣ್ಣಿನಿಂದ ಕಾಣುವಂತಿರಲಿಲ್ಲ. ಅದರಲ್ಲಿ ಯಾವ ಆಕಾರದ ಅನಂತರ ಯಾವುದು ಬರಬೇಕೆಂಬುದನ್ನು ಕಣ್ಣುಳ್ಳವರಿಗೆ ಮಣ್ಣಿನ ಮಾದರಿಗಳಿಂದ ತಿಳಿಸಿಕೊಟ್ಟವರು ಅವರೇ.